ಕರ್ನಲ್‌ನಲ್ಲಿ ಹಲವರು ಮುಟ್ಟುವ ಲಿಸ್ಟ್‌ಗೆ ಯಾವ ಲಾಕ್?

ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಲಾಕ್ ಆರಿಸುವ ಮುನ್ನ ಆ ಲಿಸ್ಟನ್ನು (ಪಾಯಿಂಟರ್‌ಗಳಿಂದ ಜೋಡಿಸಿದ ನೋಡ್‌ಗಳ ಸರಪಳಿ) ಯಾವ ಯಾವ ಫಂಕ್ಷನ್ ಮುಟ್ಟುತ್ತದೆ, ಯಾವ ಕಾಂಟೆಕ್ಸ್ಟ್‌ನಲ್ಲಿ (ಕೋಡ್ ಓಡುವ ಸಂದರ್ಭ) ಮುಟ್ಟುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎಲ್ಲವೂ ಪ್ರೋಸೆಸ್ ಕಾಂಟೆಕ್ಸ್ಟ್ (ಪ್ರೋಸೆಸ್ ಪರವಾಗಿ ಓಡುವ ಕೋಡ್) ಆದರೆ ಮ್ಯೂಟೆಕ್ಸ್ (ನಿದ್ರಿಸಿ ಕಾಯುವ ಲಾಕ್) ಸಾಕು, ಒಳಗೆ ನಿದ್ರಿಸಬಹುದು. ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟ್‌ನ ಬಾಕಿ ಕೆಲಸವನ್ನು ಆಮೇಲೆ ಮಾಡುವ ಕೋಡ್) ಕೂಡ ಮುಟ್ಟಿದರೆ ಸ್ಪಿನ್‌ಲಾಕ್, ಅಂದರೆ ನಿದ್ರಿಸದೆ ಸುತ್ತುತ್ತಾ ಕಾಯುವ ಲಾಕ್, ಬೇಕು: ಪ್ರೋಸೆಸ್ ಕಡೆಯಲ್ಲಿ ಸಾಫ್ಟ್‌ಐಆರ್‌ಕ್ಯೂ ತಡೆಯುವ ಸ್ಪಿನ್_ಲಾಕ್_ಬಿಎಚ್, ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಕರೆದಾಗ ಓಡುವ ಕೋಡ್) ಮುಟ್ಟಿದರೆ ಇಂಟರಪ್ಟನ್ನೇ ತಡೆಯುವ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್. ಬರೀ ಸ್ಪಿನ್_ಲಾಕ್ ಹಿಡಿದಿರುವಾಗ ಅದೇ ಸಿಪಿಯುನಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಆ ಲಾಕ್‌ಗಾಗಿ ಸುತ್ತುತ್ತಲೇ ಇರುತ್ತದೆ; ಲಾಕ್ ಹಿಡಿದ ಕೋಡ್‌ಗೆ ಮತ್ತೆ ಓಡುವ ಸರದಿಯೇ ಬರುವುದಿಲ್ಲ. ಸ್ಪಿನ್‌ಲಾಕ್ ಒಳಗೆ ಜಿಎಫ್‌ಪಿ_ಕರ್ನಲ್ (ನಿದ್ರಿಸಬಹುದಾದ ಬಗೆಯ ಕೋರಿಕೆ) ಬಳಸಿ ಮೆಮೊರಿ ಕೇಳಬೇಡಿ, ಲಾಕ್‌ಗೆ ಮೊದಲೇ ಪಡೆದಿಡಿ.

ಲಿಸ್ಟಿನ ಮೇಲೆ ನಡೆಯುವ ಲೂಪ್ ಮ್ಯಾಕ್ರೋ ಲಿಸ್ಟ್_ಫಾರ್_ಈಚ್_ಎಂಟ್ರಿ_ಸೇಫ್ ಲಾಕ್‌ಗೆ ಬದಲಿಯಲ್ಲ. ಅದು ಮುಂದಿನ ನೋಡ್‌ನ ಪಾಯಿಂಟರನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತದೆ, ಹಾಗಾಗಿ ಲೂಪ್ ತಾನೇ ಸದ್ಯದ ನೋಡನ್ನು ಅಳಿಸಬಹುದು, ಅಷ್ಟೇ. ಇನ್ನೊಂದು ಸಿಪಿಯು ಆ ಮುಂದಿನ ನೋಡನ್ನು ಅಳಿಸಿ ಫ್ರೀ ಮಾಡಿದರೆ ನೀವು ಓದುವುದು ಸತ್ತ ಮೆಮೊರಿಯನ್ನು. ಲೂಪಿನ ನಡುವೆ ಲಾಕ್ ಬಿಟ್ಟು ಮತ್ತೆ ಹಿಡಿದರೂ ಇದೇ ಅಪಾಯ. ಎಲ್ಲ ನೋಡ್‌ಗಳನ್ನೂ ಖಾಲಿ ಮಾಡಬೇಕಿದ್ದರೆ ಲಾಕ್ ಹಿಡಿದು ಲಿಸ್ಟ್_ಸ್ಪ್ಲೈಸ್_ಇನಿಟ್‌ನಿಂದ ಪೂರ್ತಿ ಲಿಸ್ಟನ್ನು ಲೋಕಲ್ ಹೆಡ್‌ಗೆ (ಲಿಸ್ಟಿನ ತಲೆಗೆ) ಸಾಗಿಸಿ, ಲಾಕ್ ಬಿಟ್ಟ ಮೇಲೆ ನಿಧಾನವಾಗಿ ಕೆಲಸ ಮುಗಿಸಿ.

ಓದುವವರು ಬಹಳ, ಬದಲಿಸುವವರು ಅಪರೂಪ ಎಂದಾಗ ಮಾತ್ರ ಆರ್‌ಸಿಯು (ಓದುವವರು ಲಾಕ್ ಇಲ್ಲದೆ ಓದುವ, ಅವರ ಓದು ಮುಗಿದ ಮೇಲಷ್ಟೇ ಹಳೆಯ ನೋಡನ್ನು ಫ್ರೀ ಮಾಡುವ ವಿಧಾನ). ಆಗಲೂ ಬರೆಯುವವರ ನಡುವೆ ಲಾಕ್ ಬೇಕೇ ಬೇಕು. ಇದನ್ನು ಮರೆಯುವವರು ಕಡಿಮೆಯೇನಲ್ಲ. ಸೇರಿಸಲು ಲಿಸ್ಟ್_ಆಡ್_ಆರ್‌ಸಿಯು, ತೆಗೆಯಲು ಲಿಸ್ಟ್_ಡೆಲ್_ಆರ್‌ಸಿಯು, ಬಳಿಕ ಕೆಫ್ರೀ_ಆರ್‌ಸಿಯು. ಇಲ್ಲಿ ಲಿಸ್ಟ್_ಡೆಲ್_ಇನಿಟ್ ಬಳಸಿದರೆ ಆ ನೋಡ್‌ನ ನೆಕ್ಸ್ಟ್ ತನ್ನತ್ತಲೇ ತಿರುಗುತ್ತದೆ. ಅದರ ಮೇಲೆ ನಿಂತಿದ್ದ ಓದುಗ ಹೆಡ್ ಸಿಗದೆ ಕೊನೆಯಿಲ್ಲದ ಲೂಪಿಗೆ ಬೀಳುತ್ತಾನೆ. ಓದುವಾಗ ನಿದ್ರಿಸಬೇಕೆಂದರೆ ಅದಕ್ಕೆ ಅವಕಾಶವಿರುವ ಆರ್‌ಸಿಯು ರೂಪ ಎಸ್‌ಆರ್‌ಸಿಯು.

ಲಾಕ್‌ಗಿಂತ ಹೆಚ್ಚು ಕಾಡುವುದು ಆಬ್ಜೆಕ್ಟ್‌ನ ಆಯುಷ್ಯ. ಹುಡುಕಿದ ನೋಡನ್ನು ಲಾಕ್ ಬಿಟ್ಟ ಮೇಲೂ ಬಳಸುವಿರಾದರೆ, ಲಾಕ್ ಒಳಗಿರುವಾಗಲೇ ರೆಫರೆನ್ಸ್ ಹಿಡಿಯಿರಿ (ಬಳಸುವವರ ಎಣಿಕೆಯನ್ನು ಹೆಚ್ಚಿಸಿ). ಆರ್‌ಸಿಯು ಓದಿನಲ್ಲಿ ಎಣಿಕೆ ಸೊನ್ನೆಯಲ್ಲದಿದ್ದರೆ ಮಾತ್ರ ಹೆಚ್ಚಿಸುವ ರೆಫ್‌ಕೌಂಟ್_ಇಂಕ್_ನಾಟ್_ಝೀರೋ ಬಳಸಿ. ಅದು ಸೋತರೆ ಆ ನೋಡ್ ಇಲ್ಲವೆಂದೇ ಲೆಕ್ಕ.

ಪರೀಕ್ಷಿಸುವಾಗ ಪ್ರೂವ್_ಲಾಕಿಂಗ್, ಪ್ರೂವ್_ಆರ್‌ಸಿಯು_ಲಿಸ್ಟ್, ಡೀಬಗ್_ಅಟಾಮಿಕ್_ಸ್ಲೀಪ್, ಡೀಬಗ್_ಲಿಸ್ಟ್, ಕೇಸನ್ ಎಂಬ ತಪ್ಪು ಹುಡುಕುವ ಕರ್ನಲ್ ಆಯ್ಕೆಗಳನ್ನೆಲ್ಲ ಆನ್ ಮಾಡಿ. 64 ಬಿಟ್ ಎಕ್ಸ್86ನಲ್ಲಿ ಊಪ್ಸ್ (ಕರ್ನಲ್ ದೋಷದ ವರದಿ) ಬಂದು, ರಿಜಿಸ್ಟರ್‌ನಲ್ಲಿ 'ಡೆಡ್' (dead) ಎಂದು ಶುರುವಾಗಿ 100 ಅಥವಾ 122ರಲ್ಲಿ ಮುಗಿಯುವ ಹೆಕ್ಸ್ ವಿಳಾಸ ಕಂಡರೆ ಅದು ಲಿಸ್ಟ್_ಡೆಲ್ ತುಂಬಿಟ್ಟ ವಿಷದ ಮೌಲ್ಯ: ಅಳಿಸಿದ ನೋಡನ್ನೇ ಯಾರೋ ಮತ್ತೆ ಅಳಿಸಿದ್ದಾರೆ, ಇಲ್ಲವೇ ಲಾಕ್ ಇಲ್ಲದೆ ಅದರ ಮೇಲೆ ನಡೆದಿದ್ದಾರೆ.