ಮುದ್ದೆ ತಿನ್ನುವ ನಾಯಿಗೆ ಪ್ರೋಟೀನ್, ಕೊಬ್ಬು ಎಷ್ಟು ಬೇಕು?

ನಮ್ಮ ಚಿಕ್ಕಬಳ್ಳಾಪುರದ ಕಡೆ ನಾಯಿಗೆ ಊಟ ಅಂದ್ರೆ ಮುದ್ದೆ, ಮೇಲೊಂದಿಷ್ಟು ಸಾರು. ಹೊಟ್ಟೆ ತುಂಬುತ್ತದೆ, ಸರಿ. ಆದರೆ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಸುಮಾರು 7%, ಕೊಬ್ಬು 2%ಗಿಂತ ಕಡಿಮೆ. ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಧಿಕಾರಿಗಳ ಸಂಘ ಆಫ್ಕೋ (AAFCO) ಹೇಳುವ ಪ್ರಕಾರ, ನೀರಿನಂಶ ಕಳೆದ ಮೇಲೆ ಬೆಳೆದ ನಾಯಿಗೆ ಕನಿಷ್ಠ 18% ಪ್ರೋಟೀನ್, 5.5% ಕೊಬ್ಬು ಬೇಕು. ಮರಿಗೆ 22.5% ಮತ್ತು 8.5%.

ಈ ನೀರಿನ ಲೆಕ್ಕವನ್ನೇ ಜಾಸ್ತಿ ಜನ ಬಿಡುವುದು. ಡಬ್ಬಿ ಆಹಾರದ ಮೇಲೆ ಪ್ರೋಟೀನ್ 8%, ತೇವಾಂಶ 78% ಅಂತಿದೆ ಅನ್ನಿ. 100ರಲ್ಲಿ 78 ಕಳೆದರೆ 22. ಈಗ 8ನ್ನು 22ರಿಂದ ಭಾಗಿಸಿ, 100ರಿಂದ ಗುಣಿಸಿ. 36% ಬಂತು ಅಲ್ವಾ? ಒಣ ಆಹಾರದಲ್ಲಿ ಪ್ರೋಟೀನ್ 22%, ತೇವಾಂಶ 10% ಇದ್ದರೆ ಸಿಗುವುದು ಬರೀ 24%. ಕೊಬ್ಬಿಗೂ ಹೀಗೇ.

ನಮ್ಮ ಕರಿಯನಿಗೆ ಮುದ್ದೆ ನಿಲ್ಲಿಸಿಲ್ಲ, ಕಡಿಮೆ ಮಾಡಿದ್ದೇನೆ. ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿಯ ಮೂಳೆ ಬಿಡಿಸಿ, ಬೆಂದ ನೀರಿನ ಸಮೇತ ಕಲಸುತ್ತೇನೆ. ಮುದ್ದೆ ಚಿವುಟಿ ಹಾಕಬೇಕು, ಇಲ್ಲದಿದ್ದರೆ ಕಳ್ಳ ಕೋಳಿ ಮಾತ್ರ ಆರಿಸಿಕೊಳ್ಳುತ್ತಾನೆ. ಬೇಯಿಸಿದ ಮೊಟ್ಟೆಯೂ ಒಳ್ಳೆಯದು: ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು.

ಮಾಂಸದಂಗಡಿಯವರು ಸುಮ್ನೆ ಕೊಡುವ ಕೊಬ್ಬಿನ ತುಂಡು ಬೇಡ. ಒಂದೇ ಸಲ ಜಾಸ್ತಿ ಕೊಬ್ಬು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಬಸ್ಸಾರೂ ಬೇಡ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ತೋಟದ ದ್ರಾಕ್ಷಿಯೂ ಅಷ್ಟೇ. ಪೂರ್ತಿ ಮನೆ ಊಟವೇ ಆದರೆ ಕ್ಯಾಲ್ಸಿಯಂ, ವಿಟಮಿನ್ ಎಷ್ಟು ಸೇರಿಸಬೇಕು ಅಂತ ಪಶುವೈದ್ಯರನ್ನು ಕೇಳಿ.