ಹಳೆಯ ಪಿಕಪ್‌ನ ಸಸ್ಪೆನ್ಷನ್: ದುಡ್ಡು ಖರ್ಚಾಗುವುದು ಎಲ್ಲಿ?

ನನ್ನ ಪಿಕಪ್ ಹಿಂದಿನಿಂದ ಒಂದು ಪಕ್ಕಕ್ಕೆ ವಾಲತೊಡಗಿದಾಗ ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ: ‘ಶಾಕ್ ಅಬ್ಸಾರ್ಬರ್ ಬದಲಾಯಿಸಿ.’ ನಾನು ಬದಲಾಯಿಸಲಿಲ್ಲ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಭಾರ ಹೊರುವುದೇ ಇಲ್ಲ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಭಾರ ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ತಂತಿ ಬ್ರಷ್ಷಿನಿಂದ ಮಣ್ಣು, ತುಕ್ಕು ಉಜ್ಜಿದಾಗ ಎರಡನೆಯ ಪಟ್ಟಿ, ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ರಂಧ್ರದ ಬಳಿಯೇ ಸೀಳಿದ್ದು ಕಂಡಿತು. ರಂಧ್ರ ಇರುವಲ್ಲಿ ಪಟ್ಟಿಗೆ ಬಲ ಕಡಿಮೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲಾದರೆ ಬಾಗುವ ಒತ್ತಡವೂ ಅಲ್ಲಿಗೇ ಬೀಳುತ್ತದೆ.

ಹೊಸ ಪಟ್ಟಿಗಿಂತ ಹಳೆಯ ಬೋಲ್ಟ್ ಬಿಡಿಸುವುದೇ ದುಬಾರಿಯಾಯಿತು. ಸ್ಪ್ರಿಂಗಿನ ತುದಿಯನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ಕೊಂಡಿಯೇ ಶ್ಯಾಕಲ್. ಅದರ ಬೋಲ್ಟ್, ಸುತ್ತ ಕೂತ ರಬ್ಬರ್ ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದರೂ ಮಿಸುಕಲಿಲ್ಲ, ಕತ್ತರಿಸಿಯೇ ತೆಗೆಯಬೇಕಾಯಿತು. ಈಗ ಯಾರೇ ಅಂದಾಜು ಹೇಳಲಿ, ‘ಬೋಲ್ಟ್ ಬರದಿದ್ದರೆ ಕೂಲಿ ಎಷ್ಟಾಗುತ್ತದೆ?’ ಎಂದು ಮೊದಲೇ ಕೇಳುತ್ತೇನೆ. ಇದಕ್ಕೆ ಉತ್ತರ ತಡವರಿಸಿದರೆ ಆ ಅಂದಾಜನ್ನು ನಂಬುವುದಿಲ್ಲ.

ಬಿಚ್ಚುವುದೇ ಇಷ್ಟು ಕಷ್ಟವಾದಾಗ ಅರ್ಧ ಕೆಲಸಕ್ಕೆ ಅರ್ಥವಿಲ್ಲ. ಎರಡೂ ಕಡೆಯ ಸ್ಪ್ರಿಂಗ್, ಬುಷ್, ಶ್ಯಾಕಲ್ ಎಲ್ಲವನ್ನೂ ಒಟ್ಟಿಗೆ ಹಾಕಿಸಿದೆ. ಒಂದೇ ಕಡೆ ಹೊಸದು ಹಾಕಿದ್ದರೆ ಗಾಡಿ ಈ ಬಾರಿ ಇನ್ನೊಂದು ಪಕ್ಕಕ್ಕೆ ವಾಲುತ್ತಿತ್ತು. ಹಳೆಯ ಪಟ್ಟಿಗಳನ್ನೇ ಕಾಯಿಸಿ ಬಾಗು ಕೊಡಿಸಬಹುದು, ಅಗ್ಗವೂ ಹೌದು. ಆದರೆ ಸರಿಯಾಗಿ ಹದ ಕೊಡದಿದ್ದರೆ ಅವು ಬೇಗನೆ ಮತ್ತೆ ಕುಸಿಯುತ್ತವೆ. ಯು ಬೋಲ್ಟ್ ಮಾತ್ರ ಹೊಸದೇ ಆಗಬೇಕು, ಒಮ್ಮೆ ಹಿಗ್ಗಿದ್ದು ಮತ್ತೆ ಬಿಗಿ ಹಿಡಿಯುವುದಿಲ್ಲ. ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ಜಾಕ್ ಮೇಲಿರುವಾಗ ಪೂರ್ತಿ ಬಿಗಿಯಲು ನಾನು ಬಿಡಲಿಲ್ಲ. ಹಾಗೆ ಬಿಗಿದರೆ ಚಕ್ರ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿದೆ.

ಮುಂದಿನ ಭಾಗದಲ್ಲಿ, ಚಕ್ರವನ್ನು ಸಸ್ಪೆನ್ಷನ್ನಿನ ಆರ್ಮ್‌ಗೆ (ತೋಳಿಗೆ) ಸೇರಿಸುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಸವೆದಿತ್ತು. ಕೆಳಗಿನ ಆರ್ಮ್ ಅಡಿಗೆ ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಟಕ್ ಎಂದಿತು. ದುಡ್ಡಿಲ್ಲವೆಂದು ಹಿಂದಿನ ಸ್ಪ್ರಿಂಗಿನ ಕೆಲಸವನ್ನು ಒಂದಷ್ಟು ದಿನ ಮುಂದೂಡಿ ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಬಹುದೇನೋ, ಬಾಲ್ ಜಾಯಿಂಟನ್ನು ಮುಂದೂಡುವಂತಿಲ್ಲ. ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ; ಮೊದಲೇ ಮಾಡಿಸಿದರೆ ಎರಡು ಸಲ ದುಡ್ಡು ಕೊಟ್ಟಂತೆ.

ಇಷ್ಟಕ್ಕೂ ಕೈ ಹಾಕುವ ಮುನ್ನ ಸ್ಪ್ರಿಂಗನ್ನು ಹಿಡಿಯುವ ಬ್ರಾಕೆಟ್, ಅಂದರೆ ಹ್ಯಾಂಗರ್, ಕೂರುವ ಜಾಗದಲ್ಲಿ ಚಾಸಿಯನ್ನು (ಗಾಡಿಯ ಚೌಕಟ್ಟನ್ನು) ಸುತ್ತಿಗೆಯಿಂದ ಬಡಿದು ನೋಡಿದ್ದೆ. ಸದ್ದು ಗಟ್ಟಿಯಾಗಿತ್ತು, ಅದಕ್ಕೇ ಖರ್ಚಿಗೆ ಇಳಿದೆ. ಅಲ್ಲಿ ತುಕ್ಕು ಪದರ ಪದರವಾಗಿ ಉದುರಿದ್ದರೆ ಒಂದು ಬುಷ್ ಕೂಡ ಕೊಳ್ಳದೆ ಗಾಡಿಯನ್ನು ಗುಜರಿಗೆ ಹಾಕುತ್ತಿದ್ದೆ.