ಬೆಳೆ ಪರಿಹಾರ: ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು

ಮಳೆಗೆ ಬೆಳೆ ಕೊಳೆತ ಮೇಲೆ ತಾಲ್ಲೂಕು ಕಚೇರಿಯ ಹೊರಗೆ ಕುಳಿತವರಿಂದ ಅರ್ಜಿ ಬರೆಸಿಕೊಂಡು ಅಲೆಯುವ ರೈತರನ್ನು ಪ್ರತಿ ಮುಂಗಾರಿನಲ್ಲೂ ನೋಡುತ್ತೇನೆ. ಆ ಹಾಳೆಯೊಂದೇ ಹಣ ತರುವುದಿಲ್ಲ. ಕರ್ನಾಟಕದಲ್ಲಿ ಈಗ ಪರಿಹಾರ ನಿಂತಿರುವುದು ಫ್ರೂಟ್ಸ್ (ರೈತರ ವಿವರ ದಾಖಲಿಸುವ ಸರ್ಕಾರಿ ತಂತ್ರಾಂಶ) ನೋಂದಣಿ, ಜಂಟಿ ಸಮೀಕ್ಷೆ ಮತ್ತು ಆಧಾರ್ ಮೇಲೆ.

ಮೊದಲು ಮೊತ್ತ ತಿಳಿದಿರಲಿ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಾತ್ರ ಪರಿಹಾರ. 2025-26ರವರೆಗೆಂದು 2022ರಲ್ಲಿ ನಿಗದಿಯಾದ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಮಿತಿ 2 ಹೆಕ್ಟೇರ್, ಅಂದರೆ ಐದು ಎಕರೆಗೆ ಎರಡು ಗುಂಟೆ ಕಡಿಮೆ. 2025ರ ಪ್ರವಾಹದ ನಂತರ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿಯಾಗಿ ಘೋಷಿಸಿತು. ಪ್ರತಿ ವರ್ಷವೂ ಅದು ಸಿಗುತ್ತದೆಂದು ನಂಬಿ ಸಾಲ ಮಾಡಬೇಡಿ.

ಹಂತ 1: ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್ ಮತ್ತು ಪಾಸ್‌ಬುಕ್ ಒಯ್ದು, ಎಫ್‌ಐಡಿಗೆ (ಫ್ರೂಟ್ಸ್‌ನಲ್ಲಿ ಸಿಗುವ ರೈತರ ಗುರುತಿನ ಸಂಖ್ಯೆ) ನಿಮ್ಮ ಎಲ್ಲ ಸರ್ವೆ ನಂಬರ್‌ಗಳನ್ನೂ ಸೇರಿಸಿ. ಎಲ್ಲ ಎಂದರೆ ಎಲ್ಲ. ಪಕ್ಕದ ಹೋಬಳಿಯ ಒಂದೂವರೆ ಎಕರೆಯೂ ಸೇರಿ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸದೆ ಮುಂದಿನ ಹಂತ ಓದುವುದು ವ್ಯರ್ಥ.

ಹಂತ 2: ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ಯಾವ ಬೆಳೆ ದಾಖಲಾಗಿದೆ ಎಂದು ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ. ತೊಗರಿ ಇರುವಲ್ಲಿ ಹೆಸರುಕಾಳು ಎಂದಿದ್ದರೆ ಆಗಲೇ ಆಕ್ಷೇಪಣೆ ಹಾಕಿ.

ಹಂತ 3: ಹಾನಿಯಾದಾಗ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರು ಜಂಟಿ ಸಮೀಕ್ಷೆಗೆ ಬರುವ ಮೊದಲು ಹೊಲ ಹರಗಬೇಡಿ. (ಬೆಳೆ ವಿಮೆ ಬೇರೆಯೇ ವ್ಯವಹಾರ, ಆಲಿಕಲ್ಲು ಬಿದ್ದರೆ ವಿಮಾ ಕಂಪನಿಗೆ 72 ಗಂಟೆಯೊಳಗೆ ದೂರು ಕೊಡಬೇಕು. ಇಲ್ಲಿ ಹೇಳಿದರೆ ಅಲ್ಲಿಗೆ ತಲುಪುವುದಿಲ್ಲ.)

ಹಂತ 4: ಹೆಚ್ಚಿನವರು ಎಡವುವುದು ಇಲ್ಲಿ. ಪರಿಹಾರದ ಹಣ ನೀವು ಕೊಟ್ಟ ಖಾತೆ ಸಂಖ್ಯೆಗೆ ಬರುವುದಿಲ್ಲ, ಆಧಾರ್ ತೋರಿಸುವ ಬ್ಯಾಂಕಿಗೆ ಬರುತ್ತದೆ. 'ಆಧಾರ್ ಲಿಂಕ್ ಆಗಿದೆ' ಎಂದು ಕೌಂಟರಿನವರು ಹೇಳಿದರೆ ಎದ್ದು ಬರಬೇಡಿ. ಕೆವೈಸಿಗಾಗಿ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್‌ಗೆ ಜೋಡಿಸುವುದು, ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ತುಂಬಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಒಂದು ಆಧಾರ್‌ಗೆ ಒಮ್ಮೆಗೆ ಒಂದೇ ಬ್ಯಾಂಕ್. ಕೊನೆಗೆ ಮ್ಯಾಪ್ ಆದದ್ದೇ ಊರ್ಜಿತ. ಸಂತೆಯಲ್ಲಿ ಕೊಡೆಯ ಕೆಳಗೆ ಕುಳಿತು ಬೆರಳಚ್ಚು ಒತ್ತಿಸಿಕೊಂಡು ಐದು ನಿಮಿಷದಲ್ಲಿ ಖಾತೆ ತೆರೆದುಕೊಡುವವರಿದ್ದಾರಲ್ಲ, ಅಂಥ ಖಾತೆಯೇ ನಿಮ್ಮ ಪರಿಹಾರವನ್ನು ಸೆಳೆದುಕೊಂಡಿರಬಹುದು. ಅಲ್ಲಿಂದ ದೂರವಿರಿ.

ಪರೀಕ್ಷಿಸುವ ದಾರಿ: ಮೈ ಆಧಾರ್ ಜಾಲತಾಣಕ್ಕೆ ಒಟಿಪಿಯೊಂದಿಗೆ ಹೋಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಅದು ಸಕ್ರಿಯವೋ ಅಲ್ಲವೋ ಎರಡೂ ಕಾಣುತ್ತವೆ. ಖಾತೆ ಸಂಖ್ಯೆ ಕಾಣುವುದಿಲ್ಲ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಗಳಿದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಶಾಖೆಯಲ್ಲೇ ಕೇಳಬೇಕು. ನನ್ನನ್ನು ಕೇಳಿದರೆ, ಸಾಲವಿಲ್ಲದ ಉಳಿತಾಯ ಖಾತೆಗೇ ಜೋಡಿಸಿ. ಪರಿಹಾರವನ್ನು ಸಾಲಕ್ಕೆ ಹಿಡಿಯಬಾರದೆಂದು 2024ರ ಬರ ಪರಿಹಾರದ ವೇಳೆ ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಗಿ ಬಂದಿತ್ತು.

ಪಹಣಿ ಮತ್ತು ಆಧಾರ್‌ನಲ್ಲಿ ಹೆಸರು ಹೊಂದದಿದ್ದರೂ ಪಾವತಿ ನಿಲ್ಲಬಹುದು. ಇನಿಷಿಯಲ್, ಮನೆತನದ ಹೆಸರು ಅಕ್ಷರ ಬಿಡದೆ ಹೋಲಿಸಿ.

ಹಂತ 5: ಭೂಮಿ ಜಾಲತಾಣದ ಪರಿಹಾರ ಪುಟದಲ್ಲಿ ವರ್ಷ, ಹಂಗಾಮು, ವಿಪತ್ತಿನ ಬಗೆ ಆರಿಸಿ ಪಾವತಿ ನೋಡಿ. ಪಾವತಿ ವಿಫಲವಾಗಿದ್ದರೆ ಆ ಪುಟವನ್ನು ಮುದ್ರಿಸಿಕೊಂಡು ಮೊದಲು ಬ್ಯಾಂಕಿಗೆ ಹೋಗಿ. ಹೆಸರೇ ಇಲ್ಲದಿದ್ದರೆ ಗ್ರಾಮ ಆಡಳಿತ ಅಧಿಕಾರಿಯ ಬಳಿಗೆ.